ಕಡೆಯ ಡಬ್ಬಿ ನೋಡುತ್ತಿದ್ದ ಸೇತು ಭಾವ

ಬರುವ ರೈಲಿನ ಮುಖವನ್ನು ಲೋಕವೆಲ್ಲ ನೋಡುತ್ತದೆ. ನಮ್ಮ ಸೇತುಮಾಧವ ಭಾವ ಮಾತ್ರ ಅದರ ಬೆನ್ನು ನೋಡುತ್ತಿದ್ದರು. ಮೊರಪ್ಪೂರಿನ ಸ್ಟೇಷನ್ ಮಾಸ್ಟರರಾದ ಅವರಿಗೆ ಅದು ಕರ್ತವ್ಯವೂ ಹೌದು. ಕಡೆಯ ಡಬ್ಬಿಯ ಹಿಂದೆ ತೂಗುವ ಫಲಕವನ್ನೋ ಕೆಂಪು ದೀಪವನ್ನೋ ಕಣ್ಣಾರೆ ಕಂಡ ಮೇಲೆಯೇ ರೈಲು ಇಡಿಯಾಗಿ ಬಂದಿದೆ, ನಡುದಾರಿಯಲ್ಲಿ ಬಾಲ ಕಳಚಿಕೊಂಡಿಲ್ಲ ಎಂದು ನಂಬಬೇಕು. ಆಮೇಲೆ ಮಾತ್ರ ಮುಂದಿನ ಗಾಡಿಗೆ ಲೈನ್ ಕ್ಲಿಯರ್. ಆದರೆ ಕರ್ತವ್ಯವು ಕಾಲಕ್ರಮೇಣ ಸ್ವಭಾವವಾಗಿ ಇಳಿದುಬಿಟ್ಟಿತ್ತು. ಪಂಕ್ತಿಯ ಕಡೆಯ ಎಲೆಗೆ ಅನ್ನ ಬಿದ್ದದ್ದನ್ನು ನೋಡದೆ ಅವರು ತುತ್ತು ಎತ್ತುತ್ತಿರಲಿಲ್ಲ. ಹೊರಟ ನೆಂಟರು ಬೀದಿಯ ತಿರುವಿನಲ್ಲಿ ಮರೆಯಾಗುವವರೆಗೂ, ಮಾಸಿದ ಬಿಳಿ ಕೋಟಿನ ಜೇಬಿಗೆ ಕೈ ಇಳಿಬಿಟ್ಟು, ಕತ್ತನ್ನು ಎಡಕ್ಕೆ ವಾಲಿಸಿ, ಅವರ ಬೆನ್ನನ್ನೇ ನೋಡುತ್ತ ನಿಲ್ಲುತ್ತಿದ್ದರು. ನೆಂಟರು ಅದನ್ನು ವಾತ್ಸಲ್ಯವೆಂದು ತಿಳಿಯುತ್ತಿದ್ದರು.

ನಡುವಯಸ್ಸಿನಲ್ಲಿ ಬೇರೆಯವರಿಗೆ ಸಕ್ಕರೆ ಕಾಯಿಲೆ ಹಿಡಿಯುತ್ತದೆ. ತೊಂಬತ್ತರ ದಶಕದ ಮೊದಲಲ್ಲಿ ಭಾವನಿಗೆ ಕ್ವೇಸಾರ್ ಹಿಡಿಯಿತು. ಪ್ರಯಾಣಿಕರೊಬ್ಬರು ಬೆಂಚಿನ ಮೇಲೆ ಮರೆತುಹೋದ ಪತ್ರಿಕೆಯಲ್ಲಿ ಅವರು ಓದಿದ್ದು ಇಷ್ಟು: ದೂರದರ್ಶಕದಲ್ಲಿ ನಕ್ಷತ್ರದಂತೆ ಕಾಣುವ, ಆದರೆ ಊಹೆಗೆ ಮೀರಿದ ದೂರದಲ್ಲಿರುವ ಈ ಜ್ಯೋತಿಗಳ ಬೆಳಕು ಕೆಂಪಿನ ಕಡೆಗೆ ಸರಿದಿದೆ, ಆದ್ದರಿಂದ ಅವು ನಮ್ಮಿಂದ ಭಯಂಕರ ವೇಗದಲ್ಲಿ ದೂರ ಓಡುತ್ತಿವೆ. ಭಾವ ಒಪ್ಪಲಿಲ್ಲ. ಸೇಲಂನ ಮ್ಯಾಗ್ನಸೈಟ್ ಗಣಿಗಳ ಧೂಳಿನ ಹಿಂದೆ ಸಂಜೆಯ ಸೂರ್ಯ ಕೆಂಪಾಗುವುದನ್ನು ಬಾಲ್ಯದಿಂದ ಕಂಡವರು ಅವರು.

“ಸೂರ್ಯ ಏನು ಓಡಿಹೋಗ್ತಾನೇನಯ್ಯಾ? ಧೂಳು! ಎಲ್ಲಾ ಬರೀ ಧೂಳು!” ಎಂದು ನನ್ನ ಭುಜ ತಟ್ಟುತ್ತಿದ್ದರು. ಕಾನ್ವೆಂಟಿನ ಸಿಸ್ಟರುಗಳು ನನಗೆ ವಿಜ್ಞಾನಕ್ಕಿಂತ ವಿಧೇಯತೆಯನ್ನೇ ಚೆನ್ನಾಗಿ ಕಲಿಸಿದ್ದರಿಂದ ನಾನು ತಲೆಯಾಡಿಸುತ್ತಿದ್ದೆ.

ಕೋಟಿನ ಜೇಬಿಗೆ ಸೀಮೆಸುಣ್ಣ ಬಂತು. ಪ್ಲಾಟ್‌ಫಾರ್ಮಿನ ಕಲ್ಲುಹಾಸಿನ ಮೇಲೆ ಬ್ರಹ್ಮಾಂಡ ಬಂತು. ಹಳಿ ಬದಲಿಸುವ ಪಾಯಿಂಟ್ಸ್‌ಮನ್ ದಾಸಪ್ಪ ಕಾರಿಮಂಗಲಂ ಕಡೆಯ ಒಕ್ಕಲುಮಗ. ಅವನು ಹಸಿರು ಬಾವುಟವನ್ನು ಕಂಕುಳಲ್ಲಿಟ್ಟುಕೊಂಡು ಎಲ್ಲವನ್ನೂ ಕೇಳಿ ಒಮ್ಮೆ ಅಂದನಂತೆ: “ಸಾಮಿ, ನಚ್ಚತ್ರ ಎಲ್ಲೂ ಓಗಾಕಿಲ್ಲ, ಅಲ್ಲೇ ಇರ್ತೈತೆ. ಗೂಡ್ಸು ಆಗ್ಲಿಂದ ನಿಂತೈತೆ, ಮೊದ್ಲು ಅದುಕ್ಕೊಂದು ಸಿಗ್ನಲ್ ಕೊಡಿ.”

ನನ್ನ ಅಕ್ಕ ಕಮಲಿನಿಗೆ ಇದು ನಗುವ ವಿಷಯವಾಗಿ ಉಳಿದಿರಲಿಲ್ಲ. “ಇವರ ಕ್ವೇಸಾರಿನ ಗದ್ದಲದಲ್ಲಿ ನನ್ನ ತಿಳಿಸಾರು ದಿನಾ ಆರಿಹೋಗತ್ತೆ,” ಎಂದು ಮೊದಮೊದಲು ಅಂದವಳು, ಒಂದು ಭಾನುವಾರ ಸೇಲಂಗೆ ಬಂದು ನಮ್ಮ ಅಡುಗೆಮನೆಯಲ್ಲಿ ಅತ್ತಳು. ಭಾವ ಸ್ವಯಂನಿವೃತ್ತಿಯ ಅರ್ಜಿ ಬರೆದು ಕೋಟಿನ ಜೇಬಿನಲ್ಲಿ ಇಟ್ಟುಕೊಂಡಿದ್ದಾರೆ. ಬೆಂಗಳೂರಿಗೆ ಹೋಗಿ ವಿಜ್ಞಾನಿಗಳ ಬಾಗಿಲಲ್ಲಿ ಕೂತು ವಾದಿಸುತ್ತಾರಂತೆ. “ಕ್ವಾರ್ಟರ್ಸ್ ಬಿಡಬೇಕು. ಮಗಳು ಅಪರ್ಣಾ ಇನ್ನೂ ಸ್ಕೂಲಲ್ಲಿದಾಳೆ. ಜಗತ್ತು ಓಡಿದ್ರೆ ಓಡ್ಲಿ, ನಿಂತ್ರೆ ನಿಲ್ಲಲಿ, ನಾವು ಎಲ್ಲಿ ನಿಲ್ಲೋದು ಹೇಳು?”

ನಾನು ಕಾಲೇಜಿನಲ್ಲಿ ಭೌತಶಾಸ್ತ್ರ ಹೇಳುತ್ತಿದ್ದ ಗೆಳೆಯ ಸುಬ್ಬರಾಯನ್‌ನನ್ನು ಪ್ಯಾಸೆಂಜರ್ ಗಾಡಿಯಲ್ಲಿ ಮೊರಪ್ಪೂರಿಗೆ ಕರೆದೊಯ್ದೆ. ಭಾವ ಅವನನ್ನು ಬೆಂಚಿನಲ್ಲಿ ಕೂರಿಸಿ ಸೀಮೆಸುಣ್ಣ ತೆಗೆದರು. ಸುಬ್ಬರಾಯನ್ ಕೇಳಿದ್ದಕ್ಕೆಲ್ಲ ಉತ್ತರ ಸಿದ್ಧವಿತ್ತು. ಇದೇಕೆ ಹೆಚ್ಚು ಕೆಂಪು? ಹೆಚ್ಚು ಧೂಳು. ಅದೇಕೆ ಕಡಿಮೆ? ಕಡಿಮೆ ಧೂಳು. ಆ ಧೂಳು ಏಕೆ ಕಾಣುವುದಿಲ್ಲ? ಅಷ್ಟು ನಯವಾದ ಧೂಳು.

“ಸಾರ್, ತಪ್ಪಾ ನಿನೈಕ್ಕಾದೀಂಗ, ತಪ್ಪು ತಿಳೀಬೇಡಿ,” ಎಂದು ಸುಬ್ಬರಾಯನ್ ಬಹಳ ಮೆದುವಾಗಿ ಕೇಳಿದ. “ಏನು ಕಂಡ್ರೆ ನಿಮ್ಮ ಥಿಯರಿ ತಪ್ಪು ಅಂತ ನೀವೇ ಒಪ್ಕೋತೀರಿ?”

“ಏನು ಕಂಡ್ರೂ ಇಲ್ಲ,” ಎಂದರು ಭಾವ, ಹೆಮ್ಮೆಯಿಂದ. ಹೇಳಿದವರೇ ಕತ್ತನ್ನು ಎಡಕ್ಕೆ ವಾಲಿಸಿದರು. ಬಂದ ಗಾಡಿಗೆ ಬಾಲ ಕಾಣದಾಗ ಹೇಗೋ ಹಾಗೆ.

“ಹಾಗಾದ್ರೆ ಇದಕ್ಕೆ ಕಡೇ ಡಬ್ಬಿನೇ ಇಲ್ಲವಲ್ಲಯ್ಯಾ,” ಎಂದರು ನನ್ನತ್ತ ತಿರುಗಿ. “ಇಂಥಾ ಗಾಡಿಗೆ ಲೈನ್ ಕ್ಲಿಯರ್ ಕೊಡೋದು ಹೇಗೆ?”

ಮತ್ತೆ ಸುಬ್ಬರಾಯನ್ ಕಡೆಗೆ ಬಾಗಿದರು. “ನೀನೇ ಹೇಳಪ್ಪ. ಧೂಳಾದ್ರೆ ಹೇಗೆ ಕಾಣಬೇಕು, ಓಟ ಆದ್ರೆ ಹೇಗೆ ಕಾಣಬೇಕು?”

ಸುಬ್ಬರಾಯನ್ ಸೀಮೆಸುಣ್ಣ ಇಸಿದುಕೊಂಡು ವಿವರಿಸಿದ: ಕ್ವೇಸಾರಿನ ಬೆಳಕನ್ನು ಬಣ್ಣಬಣ್ಣವಾಗಿ ಬಿಡಿಸಿದರೆ ಅದರಲ್ಲಿ ಗೊತ್ತಾದ ಜಾಗಗಳಲ್ಲಿ ಗೆರೆಗಳಿರಬೇಕು, ಧೂಳು ನೀಲಿಯನ್ನು ನುಂಗಿ ಬೆಳಕನ್ನು ಮಂಕು ಮಾಡಬಲ್ಲದು, ಗೆರೆಯನ್ನು ಜಾಗದಿಂದ ಕದಲಿಸಲಾರದು. ಅಳೆದು ನೋಡಿದರೆ ಗೆರೆಗಳೆಲ್ಲ ಒಟ್ಟಾಗಿ ಒಂದೇ ಪ್ರಮಾಣದಲ್ಲಿ ಕೆಂಪಿನ ಕಡೆಗೆ ಜರುಗಿವೆ. ಮಾತು ಮುಗಿಯುವಷ್ಟರಲ್ಲಿ, ಈ ಸ್ಟೇಷನ್ನನ್ನು ಲೆಕ್ಕಕ್ಕಿಡದ ಎಕ್ಸ್‌ಪ್ರೆಸ್ಸೊಂದು ಉದ್ದಕ್ಕೆ ಕೂಗುತ್ತ, ಬೇಸಗೆಯ ಕೆಂಧೂಳನ್ನೆಲ್ಲ ನಮ್ಮ ಮೇಲೆ ಸುರಿದು ದಾಟಿತು. ದಾಟಿದ್ದೇ ತಡ ಆ ಕೂಗು, ಎಂದಿನಂತೆ, ಶ್ರುತಿ ಇಳಿದು ದಪ್ಪಗಾಯಿತು. ಭಾವ ಧೂಳಿನೊಳಗೇ ನಿಂತು ಕಡೆಯ ಡಬ್ಬಿಯ ಫಲಕ ನೋಡಿ ಬಾವುಟ ಮಡಿಸಿದರು.

“ಧೂಳು ಕೂಗನ್ನ ಮುಚ್ಚಬಹುದು,” ಎಂದರು ತಮ್ಮಷ್ಟಕ್ಕೆ. “ಶ್ರುತಿ ಇಳಿಸೋದು ಓಟವೇ. ಇಷ್ಟು ವರ್ಷ ಕೇಳಿಸ್ಕೊಂಡೂ ಕೇಳಲಿಲ್ಲ ನೋಡು.”

ಅವರು ಕುಸಿದುಬಿಡುತ್ತಾರೆಂದು ನಾನು ಹೆದರಿದೆ. ಕುಸಿಯಲಿಲ್ಲ, ತಲೆಯ ಮೇಲಿನ ಮೂಟೆ ಇಳಿಸಿದವರಂತೆ ಭುಜ ಸಡಿಲಿಸಿ ನಕ್ಕರು. ಜೇಬಿನ ಅರ್ಜಿಯನ್ನು ತೆಗೆದು ಅದರಿಂದಲೇ ಕನ್ನಡಕದ ಧೂಳೊರೆಸಿ, ಮುದ್ದೆಮಾಡಿ ಹಳಿಗಳ ನಡುವೆ ಎಸೆದರು. ಕ್ವಾರ್ಟರ್ಸಿನ ಬಾಗಿಲಲ್ಲಿ ಕಾದು ನಿಂತಿದ್ದ ಅಕ್ಕನಿಗೆ ದೂರದಿಂದಲೇ ಕೂಗಿದರು: “ಕಮಲೂ, ತಪ್ಪಾಯ್ತು ಕಣೇ! ಚೆನ್ನಾಗಿ, ಪೂರ್ತಿಯಾಗಿ ತಪ್ಪಾಯ್ತು! ಸಾರು ಬಿಸಿ ಇದೆಯಾ?”

ಅಕ್ಕ ಒಳಗೆ ಹೋದಳು. ಒಗ್ಗರಣೆಯ ಚಟಪಟ ಕೇಳಿಸಿತು. ಮದುವೆಮನೆಯ ವಾಲಗವೂ ನನಗೆ ಅಷ್ಟು ಇಂಪಾಗಿ ಕೇಳಿಸಿದ್ದಿಲ್ಲ.

ಮನೆಯಲ್ಲಿ ಕೂತು ಬ್ರಹ್ಮಾಂಡವನ್ನು ರಿಪೇರಿ ಮಾಡುವ ಮಹನೀಯರು ನಮ್ಮಲ್ಲಿ ಎಂದೂ ಕಡಿಮೆಯಿಲ್ಲ. ಅವರಲ್ಲಿ ಬಹುಮಂದಿಯ ಸಿದ್ಧಾಂತಗಳು ಎಂದೂ ತಪ್ಪಾಗುವುದಿಲ್ಲ, ಏಕೆಂದರೆ ಅವು ಎಂದೂ ಬಂದು ಮುಟ್ಟುವುದೇ ಇಲ್ಲ. ಇಂಜಿನ್ನಿನ ಕೂಗನ್ನೇ ಪ್ರಯಾಣವೆಂದು ನಂಬಿ ಅವರು ಬಾಳಿಡೀ ಪ್ಲಾಟ್‌ಫಾರ್ಮಿನಲ್ಲಿ ನಿಂತಿರುತ್ತಾರೆ. ಕೆಲವರು ಮಾತ್ರ, ತಾವೇ ಹೂವು ಮುಡಿಸಿ ಹೊರಡಿಸಿದ ಗಾಡಿಗೂ ಕತ್ತು ವಾಲಿಸಿ ಬಾಲ ಹುಡುಕುತ್ತಾರೆ. ಅದು ಕಾಣದಿದ್ದರೆ ತಮ್ಮ ಕೈಯಾರೆ ಕೆಂಪು ಬಾವುಟ ಹಿಡಿಯುತ್ತಾರೆ. ಅಂಥವರ ಮನೆಯಲ್ಲಿ ಸಾರು ಆರುವುದು ಉಂಟು. ಆದರೆ ಮತ್ತೆ ಬಿಸಿಯಾಗುತ್ತದೆ.