ಬಾಗಿಲಲ್ಲಿ ಕೂತ ಕ್ವಾಂಗ್ ಚಿಕ್ಕಮ್ಮ

ಕಲ್ಲುಮೆಟ್ಟಿಲ ಮೇಲೆ ಬರಿಗಾಲಿಟ್ಟರೆ ಚರ್ಮ ಅಂಟಿಕೊಳ್ಳುವ ಆರನೆಯ ತಿಂಗಳ ಬಿಸಿಲಿನಲ್ಲಿ, ಬೈಶಿ ದಿಬ್ಬದ ಗಂಡಸರೆಲ್ಲ ಅಂಗಿಯನ್ನು ಕಂಕುಳವರೆಗೆ ಸುರುಳಿ ಸುತ್ತಿ ಹೊಟ್ಟೆಗೆ ಬೀಸಣಿಗೆ ಬೀಸಿಕೊಳ್ಳುತ್ತಿದ್ದ ದಿನಗಳಲ್ಲಿ, ಕ್ವಾಂಗ್ ಸುಜೆನ್ ಚಿಕ್ಕಮ್ಮ ಹತ್ತಿ ತುಂಬಿದ ಗಂಡಸರ ಕೋಟು ತೊಟ್ಟು, ಕುತ್ತಿಗೆಯವರೆಗೂ ಗುಂಡಿ ಹಾಕಿಕೊಂಡು ತನ್ನ ಹಿತ್ತಲಲ್ಲಿ ಕೂತಿರುತ್ತಿದ್ದಳು. ಆಕೆಯ ಹಿತ್ತಲೆಂದರೆ ಗುಡ್ಡವೇ. ಮನೆಯ ಹಿಂಗೋಡೆಯಿಂದ ಆರು ಹೆಜ್ಜೆಗೆ ಬಂಡೆ ಎದ್ದು ನಿಂತಿತ್ತು. ಬಂಡೆಯಲ್ಲಿ, ಯುದ್ಧಕಾಲದಲ್ಲಿ ಜಪಾನಿ ವಿಮಾನಗಳಿಗೆ ಹೆದರಿ ಊರವರು ಕೊರೆದ ಸುರಂಗವೊಂದಿತ್ತು. ಅದರ ಬಾಯಿಂದ ಹಗಲಿರುಳೂ ತಣ್ಣನೆಯ ಗಾಳಿ ಹೊರಳಿ ಬರುತ್ತಿತ್ತು. ಚಿಕ್ಕಮ್ಮ ಸರಿಯಾಗಿ ಅದರ ಹೊಸ್ತಿಲ ಮೇಲೆ ಬಿದಿರಿನ ಮಣೆ ಹಾಕಿಕೊಂಡು ಕೂರುವವಳು. ಮುಖಕ್ಕೆ ಬೇಸಿಗೆ, ಬೆನ್ನಿಗೆ ಮಾಗಿಯ ಚಳಿ. ಬಾಗಿಲಿನ ಚೌಕಟ್ಟು ಇತ್ತು, ಬಾಗಿಲಿರಲಿಲ್ಲ; ಅದರ ಹಲಗೆಗಳನ್ನು ಮದುವೆಯಾಗಿ ಆ ಮನೆಗೆ ಬಂದ ಮೊದಲ ವಾರವೇ ಆಕೆ ಒಲೆಗೆ ಹಾಕಿದ್ದಳಂತೆ.

ನಾನು ಪು, ಮೊಲದ ವ್ಯಾಪಾರಿ. ಹಿತ್ತಲುಗಳಿಂದ ಜೀವಂತ ಮೊಲ ಕೊಂಡು ಜಿಯಾಲಿಂಗ್ ನದಿಯಾಚೆಯ ಹೋಟೆಲುಗಳಿಗೆ ಮಾರುತ್ತಿದ್ದವನು. ಪ್ರಾಣಿಯ ಬೆನ್ನ ಮೇಲೆ ಕೈಯಾಡಿಸಿದರೆ ತೂಕವೂ ಮನುಷ್ಯನ ಮುಖದ ಮೇಲೆ ಕಣ್ಣಾಡಿಸಿದರೆ ಅವನು ಇಳಿಯಬಹುದಾದ ಬೆಲೆಯೂ ತಿಳಿಯುತ್ತದೆಂಬ ಜಂಬ ನನಗಿತ್ತು. ಚಿಕ್ಕಮ್ಮನ ಮುಂದೆ ಆ ವಿದ್ಯೆ ನಡೆಯಲಿಲ್ಲ. ಆಕೆ ಮಾತಾಡುತ್ತಿದ್ದುದೇ ಪಿಸುದನಿಯಲ್ಲಿ. ಎದುರಿಗಿರುವವನೂ ತನಗರಿವಿಲ್ಲದೆ ದನಿ ತಗ್ಗಿಸಿಬಿಡುತ್ತಿದ್ದ. ಪಿಸುಗುಟ್ಟುತ್ತ ಚೌಕಾಸಿ ಮಾಡುವುದು ಎಷ್ಟು ಕಷ್ಟವೆಂದು ನನಗೆ ಅಲ್ಲಿಯೇ ತಿಳಿದದ್ದು. ಗಟ್ಟಿದನಿಯಲ್ಲಿ ವ್ಯಾಪಾರಧರ್ಮವೆನಿಸುವ ಸುಳ್ಳು, ಪಿಸುದನಿಯಲ್ಲಿ ಬರಿಯ ಸುಳ್ಳಾಗಿಯೇ ಕೇಳಿಸುತ್ತದೆ. ನಡಿಗೆಯೂ ಹಾಗೆಯೇ: ಹಿಮ್ಮಡಿ ನೆಲಕ್ಕೆ ತಾಗದಂತೆ, ಮಲಗಿದವರನ್ನು ದಾಟಿಕೊಂಡು ಹೋಗುವವಳ ಹಾಗೆ, ಖಾಲಿ ಅಂಗಳದಲ್ಲೂ ಕಾಲೆತ್ತಿ ಎತ್ತಿ ಇಡುತ್ತಿದ್ದಳು.

ಮೊಲಕ್ಕೆ ಬೆವರಿಲ್ಲ. ಒಡಲಿನ ಬೇಗೆಯನ್ನೆಲ್ಲ ಆ ಎರಡು ಕಿವಿಗಳಿಂದಲೇ ಹೊರಹಾಕಬೇಕು. ಚಿಕ್ಕಮ್ಮ ಪ್ರತಿ ಮೊಲದ ಕಿವಿಯನ್ನು ತುಟಿಗಳ ನಡುವೆ ಹಿಡಿದು ಕಾವು ನೋಡುತ್ತಿದ್ದಳು. ಗೆಣಸಿನ ಬಳ್ಳಿಯನ್ನು ಅರ್ಧ ದಿನ ನೆರಳಲ್ಲಿ ಬಾಡಿಸದೆ ಹಾಕುತ್ತಿರಲಿಲ್ಲ, ಹಸಿ ಸೊಪ್ಪು ತಿಂದ ಮೊಲ ಹೊಟ್ಟೆಯುಬ್ಬರಿಸಿ ಸಾಯುತ್ತದೆಂದು. ಬೇಸಿಗೆಯಲ್ಲಿ ಉಳಿದವರ ಹಿತ್ತಲ ಗಂಡುಮೊಲಗಳೆಲ್ಲ ಸನ್ಯಾಸ ಸ್ವೀಕರಿಸಿ, ಹೆಣ್ಣುಗಳು ಬಸಿರು ಕಳೆದುಕೊಳ್ಳುತ್ತಿದ್ದಾಗ, ಆಕೆಯ ಸುರಂಗದಲ್ಲಿ ಮಾತ್ರ ಸಂಸಾರ ಸಾಂಗವಾಗಿ ಸಾಗುತ್ತಿತ್ತು. ಹಾಗೆಂದು ಆಕೆ ಕರುಣಾಮೂರ್ತಿಯೇನಲ್ಲ. ಕೊಯ್ಯುವುದು ಸ್ವಂತ ಕೈಯಿಂದ, ಮನೆಯ ಆಚೆ ಬದಿಯ ಅತ್ತಿಮರದಡಿ, ಉಳಿದವಕ್ಕೆ ಕೇಳಿಸದಂತೆ. ಒಣಮೆಣಸು, ನಾಲಿಗೆ ಮರಗಟ್ಟಿಸುವ ಜುಮ್ಮನಕಾಯಿ ಹಾಕಿ ಗರಿಗರಿಯಾಗಿ ಹುರಿದ ತುಂಡುಗಳನ್ನು ಮೂಳೆಸಹಿತ ಜಗಿಯುವುದರಲ್ಲಿ ಆಕೆಯನ್ನು ಮೀರಿಸಿದವರಿಲ್ಲ. ಆದರೆ ಕತ್ತಿಯೆತ್ತುವ ಮುನ್ನ ಮೊಲದ ಕಣ್ಣು ಮುಚ್ಚಿ ಕಿವಿಯಲ್ಲಿ ಏನೋ ಹೇಳುತ್ತಿದ್ದಳು. ಒಮ್ಮೆ ಕೇಳಿದೆ.

"ಏನಂತೀಯ ಚಿಕ್ಕಮ್ಮ, ಮಂತ್ರವಾ?"

"ಮಂತ್ರ ಎಲ್ಲಿಂದ ಬರಬೇಕು ನಂಗೆ? 'ಇಲ್ಲಿ ಗಾಳಿ ಚೆನ್ನಾಗಿದೆ' ಅಂತೀನಿ, ಅಷ್ಟೆ."

ಆ ದಿನ ನಾನು ಚೌಕಾಸಿ ಮಾಡದೆ ಮನೆಗೆ ಹೋದೆ.

ಆ ಮಾತಿನ ಅರ್ಥ ತಿಳಿಸಿದವನು ಪಕ್ಕದ ಮನೆಯ ರಾನ್ ಮಾವ. ಮಾಜಾಂಗ್ ಆಟದ ಮೇಜಿನಿಂದ ಊಟಕ್ಕಲ್ಲದೆ ಏಳದ ಮುದುಕ.

"ಏನಯ್ಯಾ ಪು, ಆ ತೂತಿನೊಳಗೆ ಎಷ್ಟು ಮೊಲ ಅಂತ ಎಣಿಸಿದೀಯಾ?"

"ಮೂವತ್ತೆಂಟು, ಮಾವ."

"ಉಸಿರು ಎಣಿಸು ಒಂದ್ಸಲ. ನಲವತ್ತು ಬರತ್ತೆ."

ಮೇಜಿನ ಸುತ್ತಲಿನವರು ನಗಲು ಹೊರಟು ಅರ್ಧಕ್ಕೆ ನಿಲ್ಲಿಸಿದರು. ಆಮೇಲೆ ಮಾವ ಬಿಲ್ಲೆಗಳನ್ನು ಕಲಸುತ್ತ ಕಥೆ ಹೇಳಿದ. ಚಿಕ್ಕಮ್ಮನಿಗೆ ಆಗ ಆರು ವರ್ಷ. ವಿಮಾನಗಳು ಬಂದಾಗ ಇಡೀ ಬೀದಿ ಸುರಂಗದೊಳಗೆ ತುಂಬಿತು; ಕಾವಲಿನವನು ಹೊರಗಿನಿಂದ ಬಾಗಿಲಿಗೆ ಬೀಗ ಹಾಕಿದ. ಒಳಗೆ, ಗಾಳಿ ಉಳಿಯಲೆಂದು, ಯಾರೂ ಮಾತಾಡಬಾರದೆಂದಾಯಿತು. ಗಾಳಿ ಉಳಿಯಲಿಲ್ಲ. ತಾಯಿ ಮಗಳನ್ನು ಜನರ ತಲೆಗಳ ಮೇಲಿಂದ ಬಾಗಿಲ ಕಡೆಗೆ ದಾಟಿಸಿದಳು. ಬೀಗ ತೆರೆದಾಗ ಬಾಗಿಲ ಹತ್ತಿರದವರನ್ನು ಮೊದಲು ಎಳೆದರು. "ಹಿಂದಿನವರ ಸರದಿ ಬರೋ ಹೊತ್ತಿಗೆ ಎಳೆಯೋಕೆ ಜೀವ ಇರೋರು ಯಾರೂ ಉಳಿದಿರಲಿಲ್ಲ ಕಣಯ್ಯಾ" ಎಂದ ಮಾವ. ತಾಯಿ, ಎದೆಹಾಲಿನ ತಮ್ಮ, ಇಬ್ಬರೂ ಕೊನೆಯ ಗೋಡೆಯ ಹತ್ತಿರ ಸಿಕ್ಕರಂತೆ. ಆಮೇಲೆ ಸುರಂಗದ ಆಳವನ್ನು ಕಲ್ಲಿಟ್ಟು ಮುಚ್ಚಿದರು. ಹದಿನೈದು ಹೆಜ್ಜೆಯಷ್ಟು ಉಳಿಯಿತು. ಅದರಲ್ಲೀಗ ಮೊಲಗಳಿದ್ದವು.

ನನ್ನ ತಪ್ಪಿನ ಸಂಗತಿಗೆ ಬರುತ್ತೇನೆ. ಆ ವರ್ಷ ನಲವತ್ತಮೂರು ದಿನ ಮಳೆಯಿರಲಿಲ್ಲ. ಮದುವೆಯೊಂದರ ಔತಣಕ್ಕೆ ಕೂಡಿಸಿದ ಎಂಬತ್ತು ಮೊಲ ನನ್ನ ಅಂಗಳದಲ್ಲಿದ್ದವು, ಒಯ್ಯಬೇಕಾದ ಲಾರಿ ಮೂರು ದಿನ ತಡವಾಗಿತ್ತು. ಬೆಳಗಾಗುವಷ್ಟರಲ್ಲಿ ಒಂಬತ್ತು ಸತ್ತು, ಉಳಿದವು ಬಾಯಿ ತೆರೆದು ಏದುಸಿರು ಬಿಡುತ್ತಿದ್ದವು. ಓಡಿಹೋಗಿ ಚಿಕ್ಕಮ್ಮನ ಮುಂದೆ ಕುಕ್ಕರಿಸಿದೆ.

"ನಲವತ್ತು ತಗೊಂಬಾ" ಎಂದಳು. "ಅದಕ್ಕಿಂತ ಒಂದೂ ಬೇಡ."

"ಜಾಗ ಬೇಕಾದಷ್ಟಿದೆಯಲ್ಲ ಚಿಕ್ಕಮ್ಮ!"

"ಜಾಗದ ಮಾತಲ್ಲಪ್ಪ."

ನಲವತ್ತನ್ನು ತಂದು ಒಳಗಿಟ್ಟೆ. ಹತ್ತು ಗಂಟೆಗೆ ಆಕೆ ಬಳ್ಳಿ ಕೊಯ್ಯಲು ನದಿದಂಡೆಗೆ ಹೊರಟಳು. ಕೋಟು ಬಿಚ್ಚಿ ನನ್ನ ತೋಳಿಗೆ ಹಾಕಿ, ಮಣೆ ತೋರಿಸಿ, "ಏಳಬೇಡ. ಬಾಗಿಲಿಗೆ ಏನೂ ಅಡ್ಡ ಇಡಬೇಡ" ಎಂದಳು. ನಾನು ಹೂಂ ಎಂದೆ. ಆಕೆ ಮೆಟ್ಟಿಲ ತಿರುವು ದಾಟಿದ ಕೂಡಲೇ ಉಳಿದ ಮೂವತ್ತೊಂದನ್ನೂ ತಂದು, ಬುಟ್ಟಿಯ ಮೇಲೆ ಬುಟ್ಟಿಯಿಟ್ಟು ಸುರಂಗದುದ್ದಕ್ಕೂ ಪೇರಿಸಿದೆ. ಅಷ್ಟು ಒಳ್ಳೆಯ ತಂಪು ಪುಕ್ಕಟೆಯಾಗಿ ಹೊರಗೆ ಹರಿದುಹೋಗುವುದನ್ನು ನೋಡುತ್ತ ಕೂರಲು ವ್ಯಾಪಾರಿಯ ಜೀವ ಒಪ್ಪಲಿಲ್ಲ. ಬೇಸಿಗೆಯ ಲಾರಿಗೆ ನಾವೆಲ್ಲ ಮಾಡುವಂತೆ ಒಂದು ಹತ್ತಿಯ ರಜಾಯಿಯನ್ನು ನೀರಲ್ಲಿ ಅದ್ದಿ ಚೌಕಟ್ಟಿಗೆ ತೂಗುಹಾಕಿ, ರಾನ್ ಮಾವನಲ್ಲಿ ಒಂದು ಕೈ ಆಡೋಣವೆಂದು ಹೋದೆ. ಒಂದು ಕೈ ಆರು ಕೈಯಾಯಿತು.

ಆಕೆ ಮರಳಿದಾಗ ಮಧ್ಯಾಹ್ನ ಇಳಿಯುತ್ತಿತ್ತು. ಬಳ್ಳಿಯ ಹೊರೆ ನೆಲಕ್ಕೆ ಬಿದ್ದ ಸದ್ದಿಗೆ ನಾವು ತಿರುಗಿದೆವು. ನಾವು ಓಡಿಬರುವಷ್ಟರಲ್ಲಿ ಆಕೆಯ ಕೈಯಲ್ಲಿ ರಜಾಯಿ ಹರಿದು ಬಿತ್ತು. ಒಳಗಿನಿಂದ ಹಬೆಬುಟ್ಟಿಯ ಮುಚ್ಚಳ ತೆಗೆದಂತೆ ಬಿಸಿಯಾದ, ಒದ್ದೆಯಾದ ಉಸಿರು ಮುಖಕ್ಕೆ ಹೊಡೆಯಿತು. ಕೈಗೆ ಸಿಕ್ಕ ಮೊದಲ ಬುಟ್ಟಿಗೆ ನಾನು ಕೈಹಾಕಿದೆ. ಆಕೆ ಆ ಕೈಗೆ ಹೊಡೆದಳು.

"ಮುಟ್ಟಬೇಡ! ಹಿಂದಿನವರು ಮೊದ್ಲು! ಹಿಂದಿನವರು ಮೊದ್ಲು!"

ಆ ಮನೆಗೆ ಬಂದ ಇಪ್ಪತ್ತು ವರ್ಷದಲ್ಲಿ ಆಕೆಯ ಗಟ್ಟಿದನಿಯನ್ನು ಯಾರೂ ಕೇಳಿರಲಿಲ್ಲ. ಅದು ಆರು ವರ್ಷದ ಹುಡುಗಿಯ ದನಿಯಾಗಿತ್ತು.

ಬುಟ್ಟಿಗಳ ಮೇಲೆ ಹತ್ತಿ, ಛಾವಣಿಗೆ ತಲೆ ಉಜ್ಜುತ್ತ ಆಕೆ ಕೊನೆಯವರೆಗೆ ತೆವಳಿದಳು. ಅಲ್ಲಿಂದ ಒಂದೊಂದನ್ನೇ ದಾಟಿಸಿದಳು, ತಲೆಗಳ ಮೇಲಿಂದ. ನಾನು, ಮಾವ, ಆಟದವರು ಸಾಲಾಗಿ ನಿಂತು ಕೈಯಿಂದ ಕೈಗೆ ತೆಗೆದುಕೊಂಡೆವು. ಬುಟ್ಟಿಗಳಡಿ ಸಿಕ್ಕಿದ ಆರು ಸತ್ತಿದ್ದವು, ಆರೂ ನನ್ನವು. ಉಳಿದವು ಅತ್ತಿಮರದಡಿ ಪಕ್ಕೆ ಅದುರಿಸುತ್ತ ಮಲಗಿದವು. ಚಿಕ್ಕಮ್ಮ ಹೊರಬಂದಳು, ನೋಡಿದಳು, ಮತ್ತೆ ಒಳಗೆ ತಿರುಗಿದಳು.

"ಮುಗೀತು ಚಿಕ್ಕಮ್ಮ. ಒಳಗೇನೂ ಇಲ್ಲ."

"ಇಬ್ಬರಿದಾರೆ."

ಹೊಸ್ತಿಲಲ್ಲೇ ಕೂತುಬಿಟ್ಟಳು. ಕೂತಲ್ಲಿಂದಲೇ ತೆವಳಲು ನೋಡಿದಳು. ಅಂಗೈ ಕೆತ್ತಿಹೋಗಿತ್ತು, ತುಟಿ ನೀಲಿಯಾಗಿತ್ತು. ಹಿಡಿದರೆ ಕಚ್ಚಿದಳು. "ಇಬ್ಬರಿದಾರೆ, ಗೋಡೆ ಹತ್ರ" ಎಂದಳು. ಇನ್ನೊಮ್ಮೆ ಒಳಗೆ ಹೋದರೆ ಆಕೆ ಹೊರಬರಳೆಂಬುದು ಎಲ್ಲರಿಗೂ ಕಾಣುತ್ತಿತ್ತು. ರಾನ್ ಮಾವನ ಕೈಯಲ್ಲಿ ಇನ್ನೂ ಒಂದು ಬಿಲ್ಲೆಯಿತ್ತು. "ನೀನು ಹೋಗಯ್ಯಾ ಪು" ಎಂದ. "ರಜಾಯಿ ನಿಂದು."

ಹೋದೆ. ದೆವ್ವ ನಂಬುವವನಲ್ಲ ನಾನು; ತಕ್ಕಡಿ ನಂಬುವವನು. ಹದಿನೈದು ಹೆಜ್ಜೆ ಕತ್ತಲಲ್ಲಿ ನಡೆದು ಮುಚ್ಚಿದ ಗೋಡೆಗೆ ಅಂಗೈಯಿಟ್ಟೆ. ಕಲ್ಲುಗಳ ಸಂದಿನಿಂದ ತಣ್ಣನೆಯ ಗಾಳಿ ಬಂತು, ನಿಂತಿತು, ಬಂತು, ನಿಂತಿತು. ಗುಡ್ಡದೊಡಲಿನ ಗಾಳಿ ಹಾಗೆಯೇ ಆಡುತ್ತದೆಂದು ಆಮೇಲೆ ಓದಿದವರು ಹೇಳಿದರು, ನಾನು ತಲೆಯಾಡಿಸಿದೆ. ಮರಳುವಾಗ ಮಾತ್ರ ಹೋದದ್ದಕ್ಕಿಂತ ನಿಧಾನವಾಗಿ, ಒಂದು ಬದಿಗೆ ಒತ್ತಿಕೊಂಡು, ಮಗು ಹೊತ್ತವರೊಬ್ಬರಿಗೆ ಸಾಲುವಷ್ಟು ದಾರಿ ಬಿಟ್ಟು ನಡೆದೆ. ಯಾಕೆಂದು ಕೇಳಿದರೆ ಹೇಳಲಾರೆ.

"ಬಂದ್ರಾ?" ಎಂದಳು ಚಿಕ್ಕಮ್ಮ.

"ಬಂದ್ರು ಚಿಕ್ಕಮ್ಮ."

ಆಕೆ ನನ್ನನ್ನು ನೋಡಲಿಲ್ಲ. ನನ್ನ ಬೆನ್ನ ಹಿಂದೆ ನೋಡಿ, ಮಣೆಯನ್ನು ಪಕ್ಕಕ್ಕೆ ಸರಿಸಿದಳು. ನಾವೂ ಸರಿದೆವು. ರಾನ್ ಮಾವ ಸುರುಳಿ ಸುತ್ತಿದ್ದ ಅಂಗಿಯನ್ನು ಕೆಳಗಿಳಿಸಿ, ಬಂಡೆಗೆ ಬೆನ್ನು ಹಚ್ಚಿ ನಿಂತ. ಅಂಗಳವನ್ನು ದಾಟಿಹೋಗಲು ಒಬ್ಬರಿಗೆ ಎಷ್ಟು ಹೊತ್ತು ಬೇಕೋ ಅಷ್ಟು ಹೊತ್ತು ಯಾರೂ ಅಲುಗಲಿಲ್ಲ.

ಆ ದಿನದ ನಂತರ ಆಕೆ ಬಾಗಿಲಲ್ಲಿ ಕೂರಲಿಲ್ಲ. ಗೂಡುಗಳನ್ನು ಅತ್ತಿಮರದಡಿಗೆ ತಂದಳು. ಮುಂದಿನ ಬೇಸಿಗೆ ಆಕೆಯ ಗಂಡುಮೊಲಗಳೂ ಊರಿನ ಉಳಿದವುಗಳ ಹಾಗೆ ಸನ್ಯಾಸ ಹಿಡಿದವು, ನನ್ನ ವ್ಯಾಪಾರವೂ ಸೊರಗಿತು. ನಾನು ಹೇಳಿದ ಸುಳ್ಳುಗಳಲ್ಲಿ ನನಗೆ ನಷ್ಟ ತಂದದ್ದು 'ಬಂದ್ರು' ಎಂಬ ಅದೊಂದೇ, ಅದು ಸುಳ್ಳೇ ಆಗಿದ್ದರೆ.

ಒಂದು ಬಾಗಿಲಿನಿಂದ ತಾವು ಮಾತ್ರ ಹೊರಬಂದವರು ಎಲ್ಲ ಊರುಗಳಲ್ಲೂ ಇದ್ದಾರೆ. ನಾವು ಅವರ ವೇಷಕ್ಕೆ ನಗುತ್ತೇವೆ, ನಡಿಗೆಯನ್ನು ಅಣಕಿಸುತ್ತೇವೆ, ಅವರ ಹಟವನ್ನು ನಮ್ಮ ಲಾಭಕ್ಕೆ ಬಳಸಿಕೊಳ್ಳುತ್ತೇವೆ. ಹೊತ್ತು ಬಂದಾಗ, ಒಳಗೆ ಯಾರೂ ಇಲ್ಲವೆಂದು ಬಹಳ ವಿವೇಕದಿಂದ ತಿಳಿಹೇಳುತ್ತೇವೆ. ಅವರಿಗೂ ಅದು ಗೊತ್ತಿಲ್ಲದ ವಿಷಯವೇನಲ್ಲ. ಅವರು ಆಯುಷ್ಯವಿಡೀ ಕಾಯುವುದು, ಹೋಗಿ ನೋಡಿಬರುವ ಇನ್ನೊಬ್ಬನಿಗಾಗಿ. ಅಂಥವನು ಬಹುಶಃ ಎಂದೂ ಒಳ್ಳೆಯತನದಿಂದ ಬರುವುದಿಲ್ಲ. ತಪ್ಪು ಮಾಡಿ ಸಿಕ್ಕಿಬಿದ್ದು ಬರುತ್ತಾನೆ.