ಶೇಂಗಾ ಚೀಟಿಯ ಕೆಳಗಿನ ಗ್ರಹಣ

ನಾನು ಮೂಲತಃ ತುಕ್ಕು. ಕಿಟಕಿಯ ಸರಳಿಗೆ ಹಿಡಿಯುವ ತುಕ್ಕಿಗೂ ನನಗೂ ದೊಡ್ಡಪ್ಪ ಚಿಕ್ಕಪ್ಪನ ಮಕ್ಕಳ ಸಂಬಂಧ. ಕಬ್ಬಿಣದ ಆ ಪುಡಿಯನ್ನು ಕಣ್ಣಿಗೆ ಕಾಣದಷ್ಟು ನುಣ್ಣಗೆ ಮಾಡಿ, ಅಂಟಿನಲ್ಲಿ ಕಲಸಿ, ಮುಕ್ಕಾಲು ಅಂಗುಲ ಅಗಲದ ಪ್ಲಾಸ್ಟಿಕ್ ಪಟ್ಟಿಗೆ ಬಳಿದರು. ಒಣಗಿದ ಮೇಲೆ ಎರಡು ಗಾಲಿಗಳಿಗೆ ಸುತ್ತಿ, ದಪ್ಪ ಪುಸ್ತಕದಷ್ಟಿರುವ ಕಪ್ಪು ಪೆಟ್ಟಿಗೆಯೊಳಗೆ ಕೂರಿಸಿದರು. ಜಪಾನಿನ ಒಂದು ಕಾರ್ಖಾನೆಯಲ್ಲಿ ನಾನು ವಿಡಿಯೊ ಕ್ಯಾಸೆಟ್ ಆದದ್ದು ಹೀಗೆ.

ನನಗೆ ಕಣ್ಣಿಲ್ಲ. ನನ್ನ ಮೈಮೇಲಿನ ಒಂದೊಂದು ಕಣವೂ ಒಂದೊಂದು ಪುಟ್ಟ ಕಾಂತದ ಸೂಜಿ, ಅಷ್ಟೆ. ಯಂತ್ರದ ತಲೆ ನನ್ನನ್ನು ಸವರಿಕೊಂಡು ಹೋಗುವಾಗ ಎತ್ತ ತಿರುಗು ಎನ್ನುತ್ತದೋ ಅತ್ತ ಆ ಸೂಜಿ ತಿರುಗುತ್ತದೆ. ಆಮೇಲೆ ಯಾರೂ ಮಾತಾಡಿಸದಿದ್ದರೆ ಹಾಗೇ ನಿಂತಿರುತ್ತದೆ, ವರ್ಷಗಟ್ಟಲೆ. ಜಗತ್ತಿನಲ್ಲಿ ಒಮ್ಮೆ ನಡೆದು ಮುಗಿದುಹೋದದ್ದು ಹೀಗೆ ತಿರುಗಿ ನಿಂತ ತುಕ್ಕಿನಲ್ಲಿ ಉಳಿಯಬಲ್ಲದು ಎನ್ನುವುದು ಇವತ್ತಿಗೂ ನನಗೆ ಪೂರ್ತಿ ನಂಬಲಾಗದ ಸಂಗತಿ.

ಹಡಗು, ರೈಲು, ಲಾರಿ ದಾಟಿ ನಾನು ನಮ್ಮ ನಾಡಿನ ಒಂದು ಟಿ.ವಿ. ಕೇಂದ್ರಕ್ಕೆ ಬಂದೆ. ಅಲ್ಲಿ ನನ್ನನ್ನು ಮೊದಲು ಕೈಗೆತ್ತಿಕೊಂಡವನು ಪಂಪಾಪತಿ. ಸಿಂಧನೂರು ಕಡೆಯ ಎಳೆ ಮೀಸೆಯ ಕ್ಯಾಮೆರಾಮನ್. ಬೆರಳುಗಳು ಒರಟು, ಹಿಡಿತ ಮಾತ್ರ ಮೆತ್ತಗೆ. ನನ್ನ ಬೆನ್ನಿನ ಕೆಂಪು ಗುಂಡಿಯನ್ನು ಒತ್ತಿ ನೋಡಿದ. ಆ ಗುಂಡಿ ಇರುವವರೆಗೆ ನನ್ನ ಮೇಲೆ ಏನನ್ನು ಬೇಕಾದರೂ ಬರೆಯಬಹುದು. ಕಿತ್ತುಬಿಟ್ಟರೆ ಯಂತ್ರ ನನ್ನನ್ನು ಓದುತ್ತದೆ, ಬರೆಯಲು ಒಪ್ಪುವುದಿಲ್ಲ.

ಅದು ಸಾವಿರದ ಒಂಬೈನೂರ ಎಂಬತ್ತರ ಫೆಬ್ರವರಿ. ಪೂರ್ಣ ಸೂರ್ಯಗ್ರಹಣದ ನೆರಳು ನಮ್ಮ ನಾಡಿನ ಮೇಲೆ ಹಾದುಹೋಗುವ ದಿನ. ಸೂರ್ಯನ ಚಿತ್ರ ತೆಗೆಯಲು ವಿಜ್ಞಾನಿಗಳ ತಂಡ ಬೇರೆಯೇ ಇತ್ತು. ಪಂಪಾಪತಿಗೆ ಅಧಿಕಾರಿ ಹೇಳಿದ್ದು ಒಂದೇ ಮಾತು: "ನೀನು ಜನರನ್ನ ತೆಗಿ. ಕ್ಯಾಮೆರಾನ ಮಾತ್ರ ಸೂರ್ಯನ ಕಡೆ ತಿರುಗಿಸಬೇಡ. ಒಳಗಿನ ಟ್ಯೂಬು ಸುಟ್ಟುಹೋಗುತ್ತೆ." ನಿಜವಾದ ಮಾತು. ಆ ಕಾಲದ ಕ್ಯಾಮೆರಾಗಳೊಳಗೆ ಗಾಜಿನ ಕೊಳವೆಯೊಂದು ಇರುತ್ತಿತ್ತು. ಸೂರ್ಯನನ್ನು ಅರೆಗಳಿಗೆ ನೋಡಿದರೂ ಅದರ ಮೇಲೆ ಕಲೆ ಬೀಳುತ್ತಿತ್ತು. ಆಮೇಲೆ ಏನನ್ನು ತೆಗೆದರೂ ಆ ಕಲೆ ಚಿತ್ರದ ಮೇಲೆ ಬಂದು ಕೂರುತ್ತಿತ್ತು.

ಜನರನ್ನು ತೆಗೆಯಬೇಕೆಂದರೆ ಜನ ಎಲ್ಲಿ? ರಾಯಚೂರು ಜಿಲ್ಲೆಯ ಆ ಊರಿನಲ್ಲಿ ಮಧ್ಯಾಹ್ನವೇ ಬಾಗಿಲುಗಳು ಹಾಕಿಕೊಂಡಿದ್ದವು. ಬೀದಿಯಲ್ಲಿ ನಾಯಿ ಬಿಟ್ಟರೆ ಪಂಪಾಪತಿ. ಹುಡುಗಿಯರ ಶಾಲೆಯ ತೆರೆದ ಮಾಳಿಗೆಯ ಮೇಲೆ ಮಾತ್ರ ಗದ್ದಲ ಕೇಳಿಸಿತು. ಸುಶೀಲಾಬಾಯಿ ಎಂಬ ವಿಜ್ಞಾನದ ಟೀಚರು ಮನೆಮನೆಗೆ ಹೋಗಿ, ಬೇಡಿ, ಜಗಳವಾಡಿ, ಒಂದಿಷ್ಟು ಹುಡುಗಿಯರನ್ನು ಮೇಲಕ್ಕೆ ತಂದಿದ್ದರು. ಅವರಲ್ಲಿ ದ್ಯಾವಮ್ಮ ಎಂಬವಳ ಜೊತೆಗೆ ಅವಳ ಅಜ್ಜಿಯೂ ಬಂದಿದ್ದಳು. ಬರಿಗೈಯಲ್ಲಿ ಬಂದಿರಲಿಲ್ಲ. ತಲೆಯ ಮೇಲೆ ಪರಾತವೆಂಬ ಹಿತ್ತಾಳೆಯ ಅಗಲ ತಟ್ಟೆ, ಕಂಕುಳಲ್ಲಿ ಒನಕೆ.

"ಇದೆಲ್ಲ ಯಾಕ ತಂದಿ ಅಜ್ಜಿ? ಮ್ಯಾಲೇನು ಭತ್ತ ಕುಟ್ಟಾಕಿಯೇನು?" ಎಂದರು ಟೀಚರು.

"ನಿಮ್ಮ ಸಾಲಿ ಪಾಠ ನೀವು ಮಾಡ್ಕೊಳ್ರಿ ಅಕ್ಕೋರೇ, ನಾ ಬ್ಯಾಡನ್ನಲ್ಲ. ನೀರಾಗ ಒನಕಿ ನಿಲ್ಲಸಬೇಕು. ಗ್ರಾಣ ಇರೋತನಕ ನಿಂತಿರತದ, ಬಿಟ್ಟ ಕೂಡ್ಲೆ ಬೀಳತದ. ಅದು ಬಿದ್ದ ಮ್ಯಾಲೇನೇ ನನ್ನ ಮೊಮ್ಮಗಳನ್ನ ಕರಕೊಂಡು ಹೋಗಾಕಿ. ಇಲ್ಲಂದ್ರ ಈಗ್ಲೇ ನಡಿಯವ್ವ ದ್ಯಾವಿ."

ಟೀಚರು ಸೋತರು. ಮಾಳಿಗೆಯ ನಡುವೆ ಪರಾತ ಇಟ್ಟು, ನೀರು ಹೊಯ್ದು, ಅಜ್ಜಿ ಒನಕೆಯನ್ನು ಅದರಲ್ಲಿ ನೆಟ್ಟಗೆ ನಿಲ್ಲಿಸಿದಳು. ಚಪ್ಪಟೆ ಬುಡದ ಒನಕೆ ನಿಂತಿತು. ನನ್ನನ್ನು ಹೊತ್ತ ಯಂತ್ರ ಅದರ ಪಕ್ಕದಲ್ಲೇ ನೆಲದ ಮೇಲಿತ್ತು. ಕ್ಯಾಮೆರಾದಿಂದ ನನಗೊಂದು ಉದ್ದನೆಯ ತಂತಿ.

ಬೆಳಕು ಕಡಿಮೆಯಾದದ್ದು ಸಂಜೆಯ ಹಾಗಲ್ಲ. ಸಂಜೆಯ ಬೆಳಕು ಕೆಂಪಾಗುತ್ತದೆ. ಇದು ಬೂದಿಯಾಯಿತು. ಬೇವಿನ ಮರದ ಕೆಳಗಿನ ಬಿಸಿಲ ಚುಕ್ಕೆಗಳೆಲ್ಲ ಕುಡುಗೋಲಿನ ಆಕಾರ ತಾಳಿದವು. ಗುಬ್ಬಿಗಳು ಸೂರಿಗೆ ಮರಳಿದವು. ಸುಣ್ಣ ಬಳಿದ ಮಾಳಿಗೆಯ ಮೇಲೆ ನೆರಳಿನ ಸಣ್ಣ ಸಣ್ಣ ಅಲೆಗಳು ಹಾವಿನಂತೆ ಹರಿದವು. ಹುಡುಗಿಯರು ಕಾಲು ಮೇಲೆತ್ತಿಕೊಂಡು ಕಿರುಚಿದರು. ಆಮೇಲೆ ಒಂದೇ ಸಲಕ್ಕೆ ಕತ್ತಲು.

"ಈಗ ನೋಡ್ರಿ! ಈಗ ಬರಿಗಣ್ಣಿಲೆ ನೋಡಬಹುದು!" ಟೀಚರು ಕೂಗಿದರು.

ಹುಡುಗಿಯರೆಲ್ಲ ಪಡುವಣಕ್ಕೆ ಮುಖ ಎತ್ತಿದರು. ಪಂಪಾಪತಿ ಅವರ ಎದುರಿಗೆ ನಿಂತಿದ್ದ, ಸೂರ್ಯನಿಗೆ ಬೆನ್ನು ಮಾಡಿ. ಆ ಸೀಮೆ ಮತ್ತೆ ಯಾವ ಕಾಲಕ್ಕೆ ನೋಡುವುದೋ ಗೊತ್ತಿಲ್ಲದ ನೋಟ ಅವನ ಬೆನ್ನ ಹಿಂದಿತ್ತು. ಅವನು ತಿರುಗಲಿಲ್ಲ. ಕಣ್ಣನ್ನು ಕ್ಯಾಮೆರಾದ ಕಿಂಡಿಗೆ ಒತ್ತಿಕೊಂಡು, ಒಂದೊಂದೇ ಮುಖವನ್ನು ನಿಧಾನವಾಗಿ ತೆಗೆದ. ಬಾಯಿ ತೆರೆದವರು, ಕೈ ಮುಗಿದವರು, ಅಳು ಬಂದರೂ ಒರೆಸಿಕೊಳ್ಳದವರು. ಕೊನೆಗೆ ಟೀಚರು. ಪಾಠದಲ್ಲಿ ಹೇಳಿದ್ದೆಲ್ಲ ನಿಜವೇ ಆಯಿತಲ್ಲ ಎಂದು ಬೆಚ್ಚಿಬಿದ್ದಂಥ ಮುಖ. ಅಷ್ಟನ್ನೂ ನಾನು ಸೂಜಿ ತಿರುಗಿಸಿ ತಿರುಗಿಸಿ ಹಿಡಿದುಕೊಂಡೆ.

"ಒನಕಿ ಇನ್ನಾ ನಿಂತದ!" ಎಂದು ದ್ಯಾವಮ್ಮ ಕೂಗಿ, ಪರಾತದ ಮೇಲೆ ಬಗ್ಗಿದಳು. ಪಂಪಾಪತಿ ತಂತಿ ಎಳೆದುಕೊಂಡು ಅವಳ ಹಿಂದಕ್ಕೆ ಸುತ್ತಿ ಬಂದು, ಅವಳ ಹೆಗಲ ಮೇಲಿಂದ ಕ್ಯಾಮೆರಾದ ಮೂತಿಯನ್ನು ನೆಲದ ಕಡೆಗೆ ಬಗ್ಗಿಸಿ ಹಿಡಿದ. ಅಷ್ಟರಲ್ಲಿ ಬೆಳಕು ಮರಳಿತು. ಬೆಳಕು ಬಂದೊಡನೆ ಲೆನ್ಸಿಗೆ ಮುಚ್ಚಳ ಹಾಕಬೇಕೆಂದು ಮನಸ್ಸಿನಲ್ಲೇ ಉರು ಹೊಡೆದಿದ್ದ. ಕಣ್ಣನ್ನು ಕಿಂಡಿಯಿಂದ ತೆಗೆದು, ಜೇಬಿನಲ್ಲಿ ಮುಚ್ಚಳಕ್ಕೆ ತಡಕಾಡಿದ. ಹಾಕಿದ. ಗ್ರಹಣ ಪೂರ್ತಿ ಬಿಡುವ ಮೊದಲೇ ಗಾಳಿಗೆ ಒನಕೆ ಉರುಳಿತು. ಅಜ್ಜಿ ಅದನ್ನೇ ಶುಭವೆಂದು ಎಣಿಸಿ ಮೊಮ್ಮಗಳ ಕೈ ಹಿಡಿದು ನಡೆದಳು.

ಜೀಪಿನಲ್ಲಿ ಕೂತು ಪಂಪಾಪತಿ ನನ್ನ ಕೆಂಪು ಗುಂಡಿ ಕಿತ್ತು ಬೀಗದ ಕೈ ಗೊಂಚಲಿಗೆ ಸಿಕ್ಕಿಸಿಕೊಂಡ. "ನಿನ್ನ ಮ್ಯಾಲೆ ಇನ್ನ ಯಾರೂ ಬರಿಯಂಗಿಲ್ಲ, ಮಗನ" ಎಂದ.

ಮರುದಿನ ಕ್ಯಾಮೆರಾವನ್ನು ಪರೀಕ್ಷಿಸಿದಾಗ ಚಿತ್ರದ ಎಡಬದಿಯಲ್ಲಿ ಒಂದು ಬಿಳಿ ಕಲೆ ಕಂಡಿತು. ಗೋಧಿಕಾಳಿನಷ್ಟು. ಕೇಂದ್ರದಲ್ಲಿದ್ದದ್ದು ಅದೊಂದೇ ಹೊರಗೆ ಒಯ್ಯುವ ಕ್ಯಾಮೆರಾ.

"ಆಸೆ ತಡೀಲಿಲ್ಲ ನಿಂಗೆ, ತಿರುಗಿಸಿಬಿಟ್ಟೆ. ಒಪ್ಪಿಕೋ" ಎಂದರು ಅಧಿಕಾರಿ.

"ಇಲ್ರೀ ಸಾಹೇಬ್ರ. ಬೆಳಕು ಬಂದಾಗ ಕ್ಯಾಮೆರಾ ನೆಲಾ ನೋಡಾಕ್ಹತ್ತಿತ್ತು."

"ನೆಲಕ್ಕೆ ಹಿಡಿದ ಕ್ಯಾಮೆರಾನ ಸೂರ್ಯ ಹ್ಯಾಗಯ್ಯಾ ಸುಡ್ತಾನೆ? ಕೆಳಗಿಳಿದು ಬಂದಿದ್ನೇನು?"

ಕೋಣೆಯಲ್ಲಿದ್ದವರೆಲ್ಲ ನಕ್ಕರು. ಟೇಪು ನೋಡಿರೆಂದು ಪಂಪಾಪತಿ ಕೇಳಿಕೊಂಡ. ಕಲೆ ಕಣ್ಣೆದುರಿಗೇ ಇರುವಾಗ ನೋಡುವುದೇನು ಎಂದರು. ಅವನನ್ನು ಕ್ಯಾಮೆರಾದಿಂದ ತೆಗೆದು ಸ್ಟುಡಿಯೊದ ದೀಪಗಳಿಗೆ ಹಾಕಿದರು. ಅವನು ಮತ್ತೆ ಕ್ಯಾಮೆರಾ ಹಿಡಿಯಲಿಲ್ಲ. "ಸೂರ್ಯಂಗೆ ಕಣ್ಣು ಹೊಡೆದವನು" ಎಂದು ಕ್ಯಾಂಟೀನಿನಲ್ಲಿ ಹೆಸರಾಯಿತು.

ನನ್ನ ಪಾಲಿಗೂ ಅಷ್ಟೇ. ಹೊಸ ಟೇಪಿಗೆ ಬರ ಬಂದ ಒಂದು ವರ್ಷ, ಉಗ್ರಾಣದಲ್ಲಿ ಯಾರೋ ಕೆಟ್ಟುಹೋದ ಕ್ಯಾಸೆಟ್ಟಿನ ಗುಂಡಿ ಕಿತ್ತು ನನ್ನ ಬೆನ್ನಿಗೆ ಒತ್ತಿದರು. ಆರಂಭಕ್ಕೆ ಸುತ್ತಿ, ಶೇಂಗಾ ಬೆಳೆಯ ಎಲೆಚುಕ್ಕೆ ರೋಗದ ಕಾರ್ಯಕ್ರಮ ತುಂಬಿದರು. ನನ್ನ ಮೈಮೇಲೆ ಬೀದಿಯ ನಾಯಿ ಅಳಿಯಿತು, ಒನಕೆ ಹೊತ್ತು ಬಂದ ಅಜ್ಜಿ ಅಳಿದಳು. ನೋವಿರಲಿಲ್ಲ. ಸೂಜಿಗಳು ಬೇರೆ ಕಡೆಗೆ ತಿರುಗಿದವು, ಅಷ್ಟೆ. ಆದರೆ ಶೇಂಗಾ ನನ್ನಷ್ಟು ಉದ್ದವಿರಲಿಲ್ಲ. ಅದು ಮುಗಿದ ಮೇಲೂ ನನ್ನ ಬಾಲ ಒಂದಿಷ್ಟು ಉಳಿದಿತ್ತು. ಅದನ್ನು ಯಾರೂ ಮುಟ್ಟಲಿಲ್ಲ. ನನಗೆ ಶೇಂಗಾ ಎಂಬ ಚೀಟಿ ಅಂಟಿಸಿ ಕಪಾಟಿಗೆ ಸೇರಿಸಿದರು.

ಕಪಾಟಿನಲ್ಲಿ ಕಾಲ ಹೋದದ್ದು ಗೊತ್ತಾಗುವುದು ತೇವದಿಂದ. ಒಂದೊಂದು ಮಳೆಗಾಲವೂ ನನ್ನ ಅಂಟಿನೊಳಗೆ ಇಷ್ಟಿಷ್ಟು ನೀರು ಬಿಟ್ಟುಹೋಯಿತು. ತುಕ್ಕನ್ನು ಹಿಡಿದಿಟ್ಟಿದ್ದ ಅಂಟು ಜಿಗುಟಾಯಿತು, ಸುತ್ತಿಗೆ ಸುತ್ತು ಅಂಟಿಕೊಂಡಿತು. ನಮ್ಮನ್ನು ಓದುವ ಯಂತ್ರಗಳು ಗುಜರಿಗೆ ಹೋದವು. ಪಕ್ಕದ ಸಾಲಿನ ಕ್ಯಾಸೆಟ್ಟುಗಳೂ ಹೋದವು.

ಕೊನೆಗೊಮ್ಮೆ ಕಪಾಟು ತೆರೆದವಳು ಶಾಹೀನ್. ಹಳೆಯ ಟೇಪುಗಳನ್ನು ಕಂಪ್ಯೂಟರಿಗೆ ಇಳಿಸಲು ಬಂದಿದ್ದ ಕಲಬುರಗಿಯ ಎಂಜಿನಿಯರು. ಚಿತ್ರಗಳಲ್ಲಿರುವ ಊರು, ಮುಖ ಗುರುತಿಸಲು ನಿವೃತ್ತ ನೌಕರರನ್ನು ಕರೆಸುತ್ತಿದ್ದರು. ಹಾಗೆ ಬಂದು ಅವಳ ಪಕ್ಕದಲ್ಲಿ ಕೂತವನು ಪಂಪಾಪತಿ. ಮೀಸೆ ಬೆಳ್ಳಗಾಗಿತ್ತು. ಬೀಗದ ಕೈ ಗೊಂಚಲಿನಲ್ಲಿ ನನ್ನ ಕೆಂಪು ಗುಂಡಿ ಇನ್ನೂ ಇತ್ತು.

"ಕಾಕಾ, ಒಂದು ಕೇಳ್ತೀನಿ. ಆ ಕಾಲದ ಎಷ್ಟೋ ಟೇಪಿನ್ಯಾಗ ಎಡಕ್ಕ ಒಂದು ಬಿಳಿ ಚುಕ್ಕಿ ಅದ. ಮದುವಿ ಮನ್ಯಾಗೂ ಅದ, ಮಂತ್ರಿಗಳ ಗಲ್ಲದ ಮ್ಯಾಲೂ ಅದ. ಏನದು?"

ಪಂಪಾಪತಿ ಎಲ್ಲ ಹೇಳಿದ. "ನಲವತ್ತು ವರ್ಷ ಎಲ್ಲಾರೂ ಅದನ್ನೇ ಅಂದ್ರ, ನನಗೂ ಖಾತ್ರಿ ಹೋಗ್ಯದವ್ವ. ಕೈ ಮ್ಯಾಲೆ ಹೋಗಿದ್ದರೂ ಹೋಗಿರಬೇಕು. ಆ ಟೇಪೂ ಅಳಿಸ್ಯಾರ."

ಶಾಹೀನ್ ನನ್ನನ್ನು ಎತ್ತಿಕೊಂಡದ್ದು ಅದೇ ವಾರ. ಸುತ್ತು ಬಿಚ್ಚುತ್ತಿರಲಿಲ್ಲ. "ಬರೇ ಶೇಂಗಾ. ಒಗೀಬಾರದಾ?" ಎಂದ ಪಂಪಾಪತಿ. "ಶೇಂಗಾ ಇದ್ರ ಹುರಿಬೇಕಲ್ಲ ಕಾಕಾ" ಎಂದು ಅವಳು ನನ್ನನ್ನು ಓವನ್ನಿನಲ್ಲಿಟ್ಟಳು. ಹುರಿಯುವ ಕಾವಲ್ಲ, ಬೇಸಿಗೆಯ ರಾಯಚೂರಿಗಿಂತ ತುಸು ಹೆಚ್ಚು. ಆ ಹದವಾದ ಕಾವಿನಲ್ಲಿ ದಿನವೆಲ್ಲ ಇದ್ದರೆ ಅಂಟಿನೊಳಗಿನ ನೀರು ಹೊರಗೆ ಹೋಗುತ್ತದೆ. ತುಕ್ಕು ಪ್ಲಾಸ್ಟಿಕ್ಕನ್ನು ಮತ್ತೆ ಗಟ್ಟಿಯಾಗಿ ಹಿಡಿಯುತ್ತದೆ, ಆದರೆ ಕೆಲವೇ ದಿನಗಳ ಮಟ್ಟಿಗೆ. ಅಷ್ಟರಲ್ಲಿ ಓದಿ ಮುಗಿಸಬೇಕು.

ಯಂತ್ರದ ತಲೆ ಎಷ್ಟೋ ವರ್ಷಗಳ ಮೇಲೆ ನನ್ನನ್ನು ಮುಟ್ಟಿತು. ಶೇಂಗಾ ಬಂತು. ರೋಗದ ಎಲೆ ತೋರಿಸುವ ಕೃಷಿ ಅಧಿಕಾರಿಯ ಹಣೆಯ ಮೇಲೂ ಬಿಳಿ ಚುಕ್ಕೆ. "ಸಾಹೇಬ್ರಿಗೂ ಎಲೆಚುಕ್ಕಿ ರೋಗ ಹತ್ಯದ!" ಎಂದು ಶಾಹೀನ್ ನಕ್ಕಳು. ಕಾರ್ಯಕ್ರಮ ಮುಗಿಯಿತು. ಅಲ್ಲಿಗೆ ಯಂತ್ರ ನಿಲ್ಲಿಸುವುದು ವಾಡಿಕೆ. ಶಾಹೀನ್ ನಿಲ್ಲಿಸುತ್ತಿರಲಿಲ್ಲ. ಗಾಲಿ ಬರಿದಾಗುವವರೆಗೂ ಓಡಲು ಬಿಡುವುದು ಅವಳ ಪದ್ಧತಿ. ಒಂದಿಷ್ಟು ಕಪ್ಪು, ಒಂದಿಷ್ಟು ಗರಗರ.

ಆಮೇಲೆ ಬೂದಿ ಬಣ್ಣದ ಬೆಳಕಿನಲ್ಲಿ ಮುಖ ಎತ್ತಿದ ಹುಡುಗಿಯರು.

ಪಂಪಾಪತಿ ಕುರ್ಚಿಯಿಂದ ಎದ್ದ. ಶಾಹೀನ್ ಪರದೆಯ ಎಡಬದಿಗೆ ಬೆರಳಿಟ್ಟಳು. "ಕಾಕಾ, ಇಲ್ಲಿ ಚುಕ್ಕಿ ಇಲ್ಲ."

"ಇನ್ನಾ ಹುಟ್ಟಿಲ್ಲ" ಎಂದ ಅವನು ಪಿಸುಮಾತಿನಲ್ಲಿ.

ಬಾಯಿ ತೆರೆದವರು, ಕೈ ಮುಗಿದವರು, ಟೀಚರು, ಎಲ್ಲ ಬಂದರು. "ಒನಕಿ ಇನ್ನಾ ನಿಂತದ!" ಎಂಬ ಕೂಗು ಬಂತು. ಅಷ್ಟಕ್ಕೆ ಚಿತ್ರ ಹರಿದು ಪರದೆಯ ತುಂಬ ಬಿಳಿ ರವೆ ಸುರಿಯಿತು. ನನ್ನ ಮೈಯ ತುಕ್ಕು ಕಿತ್ತು ತಲೆಗೆ ಮೆತ್ತಿಕೊಳ್ಳುತ್ತಿತ್ತು. ಯಂತ್ರ ಕೀರಲು ಹಿಡಿಯಿತು.

"ಇನ್ನಾ ಸ್ವಲ್ಪೇ ಉಳದದ ಕಾಕಾ. ಓಡಿಸಿದ್ರ ಒಂದೀಟು ಕಾಣಬಹುದು. ಆದ್ರ ಟೇಪು ಕೆರೆದು ಹೋಗತದ. ಮತ್ತ ಸಿಗಂಗಿಲ್ಲ."

ಆ ಸ್ವಲ್ಪದಲ್ಲೇ ಅವನ ಜೀವಮಾನದ ಮಾತು ನಿಜವೋ ಸುಳ್ಳೋ ಎನ್ನುವುದಿತ್ತು. ಪಂಪಾಪತಿ ಗೊಂಚಲಿನ ಕೆಂಪು ಗುಂಡಿಯನ್ನು ಮುಷ್ಟಿಯಲ್ಲಿ ಹಿಡಿದ.

"ನಿಲ್ಲಸವ್ವ. ಹುಡಿಗ್ಯಾರು ಅಳಿಸಿ ಹೋಗಬಾರದು. ನಾ ಕಾದವನೇ ಅದೀನಿ."

ನನ್ನನ್ನು ಮತ್ತೆ ಓವನ್ನಿನಲ್ಲಿಟ್ಟರು. ಯಂತ್ರದ ತಲೆಯನ್ನು ಸ್ಪಿರಿಟ್ಟಿನಲ್ಲಿ ಒರೆಸಿದರು. ಮರುದಿನ ಬೆಳಿಗ್ಗೆ ಶಾಹೀನ್ ನನ್ನನ್ನು ತುಸು ಹಿಂದಕ್ಕೆ ಸುತ್ತಿ ಬಿಟ್ಟಳು.

ದ್ಯಾವಮ್ಮನ ಹೆಗಲು. ಅದರಾಚೆ ಪರಾತ, ಕಪ್ಪನೆ ನೀರು, ನಿಂತ ಒನಕೆ. ಕ್ಯಾಮೆರಾ ನೋಡುತ್ತಿದ್ದದ್ದು ನೆಲವನ್ನೇ. ಕೈ ಅಲ್ಲಾಡಲಿಲ್ಲ, ಮೇಲಕ್ಕೆ ಹೋಗಲಿಲ್ಲ. ಆ ನೀರಿನ ಎಡಬದಿಯಲ್ಲಿ ಒಂದು ಬೆಳಕಿನ ಮೊಳಕೆ ಒಡೆಯಿತು. ಚಂದ್ರನ ಅಂಚಿನಿಂದ ತಪ್ಪಿಸಿಕೊಂಡ ಸೂರ್ಯನ ಮೊದಲ ಹನಿ, ಹಿತ್ತಾಳೆ ಪರಾತದ ನೀರಿನಲ್ಲಿ. ಅದು ಉಜ್ವಲವಾಯಿತು, ನೀರು ತುಂಬಿತು. ಚಿತ್ರ ಒಮ್ಮೆ ಅಲುಗಿ ಪಕ್ಕಕ್ಕೆ ಸರಿಯಿತು. ಪರಾತ ಸರಿಯಿತು, ಒನಕೆ ಸರಿಯಿತು. ಆ ಬೆಳಕು ಮಾತ್ರ ಸರಿಯಲಿಲ್ಲ. ಗೋಧಿಕಾಳಿನಷ್ಟಾಗಿ ಅಲ್ಲೇ ನಿಂತುಬಿಟ್ಟಿತು. ಮುಚ್ಚಳ ಬಿತ್ತು. ಕತ್ತಲೆಯಲ್ಲೂ ಅದೊಂದು ಉಳಿಯಿತು.

ಶಾಹೀನ್‌ಳ ಕೈ ಬಾಯಿಯ ಮೇಲಿತ್ತು. ಪಂಪಾಪತಿ ಕನ್ನಡಕ ತೆಗೆದ, ಒರೆಸದೆ ಮತ್ತೆ ಹಾಕಿಕೊಂಡ. ಸೂರ್ಯನಿಗೆ ಬೆನ್ನು ಮಾಡಿ ನಿಂತಿದ್ದವನು ಅಂದು ಕಾಣದೇ ಹೋದದ್ದನ್ನು ಈಗ ಕಾಣುತ್ತಿದ್ದ. ಕೊನೆಗೆ, ಆ ಹಳೆಯ ಕೋಣೆಯಲ್ಲಿ ನಕ್ಕವರಿಗೆಲ್ಲ ಕೇಳಿಸಲೆಂಬಂತೆ, ಆದರೆ ಮೆಲ್ಲಗೆ ಹೇಳಿದ:

"ಸೂರ್ಯ ಕೆಳಗಿಳಿದು ಬಂದಿದ್ದನ್ರೀ, ಸಾಹೇಬ್ರ."

ಈಗ ನಾನು ತಣ್ಣನೆಯ ಒಣ ಕೋಣೆಯ ಒಂದು ಮೂಲೆಯಲ್ಲಿದ್ದೇನೆ. ನನ್ನನ್ನು ಇನ್ನೊಮ್ಮೆ ಓದಲಾಗದು, ಓದುವ ಅಗತ್ಯವೂ ಇಲ್ಲ. ನನ್ನಲ್ಲಿದ್ದದ್ದು ಈಗ ಅಂಕೆಗಳಾಗಿ ಬೇರೆ ಬೇರೆ ಕಡೆ ಇದೆ. ಶಾಹೀನ್ ಆ ಬೇರೆ ಕ್ಯಾಸೆಟ್ಟಿನ ಗುಂಡಿಯನ್ನು ನನ್ನ ಬೆನ್ನಿನಿಂದ ಕಿತ್ತಳು, ಶೇಂಗಾ ಚೀಟಿಯನ್ನು ಹಾಗೇ ಬಿಟ್ಟು ಕೆಳಗೆ ಇನ್ನೊಂದು ಅಂಟಿಸಿದಳು. ಅದರಲ್ಲಿ ಪಂಪಾಪತಿಯ ಹೆಸರಿದೆ. ನನ್ನ ಹಳೆಯ ಗುಂಡಿ ಅವನ ಬೀಗದ ಕೈಗಳ ಜೊತೆಯಲ್ಲೇ ಇದೆ, ಇರಲಿ.

ಕತ್ತಲೆಯಲ್ಲಿ ಕೂತು ನಾನು ಆ ಬೆಳಕಿನ ದಾರಿಯನ್ನು ನೆನೆಯುತ್ತೇನೆ. ಸೂರ್ಯನಿಂದ ಹೊರಟು, ಚಂದ್ರನ ಅಂಚು ಸವರಿ, ಅಜ್ಜಿಯೊಬ್ಬಳು ಹಟ ಹಿಡಿದು ಹೊತ್ತು ತಂದ ಪರಾತದಲ್ಲಿ ಬಿದ್ದು, ಮೇಲಕ್ಕೆ ಚಿಮ್ಮಿ, ಗಾಜನ್ನು ಸುಟ್ಟು, ನನ್ನವರೆಗೆ ಬಂತು. ಅಷ್ಟು ದೂರದಿಂದ ಬಂದದ್ದು ತಂಗಲು ಸಿಕ್ಕಿದ್ದು ಇಷ್ಟೇ ಇಷ್ಟು ತುಕ್ಕು.