ಹಾರಿಕಾಳ ಪಾಠ ನೋಡಿದವರು ಯಾರು?

ಮಾರೆಪ್ಪನ ಮನೆಯಲ್ಲಿ ಇರುವುದು ಒಂದೇ ದೊಡ್ಡ ಫೋನು. ಹಗಲೆಲ್ಲ ಅದು ಅವನ ಅಂಗಿಯ ಜೇಬಿನಲ್ಲಿ ಕುರಿಗಳ ಹಿಂದೆ ತಿರುಗುತ್ತದೆ. ಸಂಜೆ ಅವನು ಕೈಕಾಲು ತೊಳೆಯುವ ಹೊತ್ತಿಗೆ ಮಗಳು ಹಾರಿಕಾ ಕೇಳಿ ಇಸಿದುಕೊಳ್ಳುತ್ತಾಳೆ. ತೆಲುಗು ಸೀಮೆಯ ಮಾಧವರಂ ಕಡೆಯ ಆ ಊರಿನಲ್ಲಿ ಹೆಚ್ಚಿನ ಮನೆಗಳದ್ದೂ ಇದೇ ಕಥೆ.

ಎಂಟನೆಯ ತರಗತಿಗೆ ವಿಜ್ಞಾನ ಹೇಳುವ ಮಂಗಳಾ ಟೀಚರ್ ಮಕ್ಕಳಿಗಾಗಿ ಒಂದು ವಾಟ್ಸಾಪ್ ಗ್ರೂಪ್ ಮಾಡಿದ್ದರು. ಯೂಟ್ಯೂಬಿನಲ್ಲಿ ಸಿಗುವ ಪಾಠಗಳು ಹೆಚ್ಚಾಗಿ ತೆಲುಗಿನವು. ಇದು ಕನ್ನಡ ಶಾಲೆ. ಅದಕ್ಕೇ ಅವರು ತಾವೇ ಕನ್ನಡದಲ್ಲಿ ಪಾಠ ಹೇಳಿ, ಚಿಕ್ಕ ವಿಡಿಯೊ ಮಾಡಿ ಹಾಕುತ್ತಿದ್ದರು. ಹತ್ತಿ ಬಿಡಿಸಲು ಹೋಗಿ ಶಾಲೆ ತಪ್ಪಿಸಿದ ಮಕ್ಕಳೂ ಸಂಜೆ ಅದನ್ನು ನೋಡಿ ಕಲಿಯುತ್ತಿದ್ದರು.

ಒಮ್ಮೆ ಟೀಚರ್, "ಪರಾಗಸ್ಪರ್ಶ ಅಂದ್ರೇನು? ನಿಮ್ಮ ಮಾತಿನಾಗ ಹೇಳಿ ಗ್ರೂಪಿಗೆ ಹಾಕ್ರಿ" ಅಂದರು. ಹಾರಿಕಾ ಹೊಲದಲ್ಲಿ ಹತ್ತಿ ಹೂವು ಹಿಡಿದು ನಿಂತು ಹೇಳಿದಳು. ಅವಳ ಅವ್ವ ಗಾದಿಲಿಂಗಮ್ಮನೇ ಫೋನು ಹಿಡಿದು ವಿಡಿಯೊ ತೆಗೆದಳು. ಮರುದಿನ ಟೀಚರ್ ಅದನ್ನು ಶಾಲೆಯ ಟೀವಿಯಲ್ಲಿ ಹಾಕಿ, ಇಡೀ ತರಗತಿಗೆ ಪಾಠ ಮಾಡಿದರು.

ಆ ಸಂತೋಷ ಎರಡು ದಿನ ಉಳಿಯಲಿಲ್ಲ.

ಆದೋನಿಯ ಹತ್ತಿ ಮಾರ್ಕೆಟ್ಟಿಗೆ ಹೋಗಿದ್ದ ಮಾರೆಪ್ಪ ಕೆಂಪು ಕಣ್ಣು ಮಾಡಿಕೊಂಡು ಬಂದ. ಬಂದವನೇ ಮಗಳ ಪಾಟಿ ಚೀಲ ಎತ್ತಿ ಅಟ್ಟದ ಮೇಲೆ ಎಸೆದ.

"ನಾಳಿಂದ ಸಾಲಿ ಬಂದ್. ಹತ್ತಿ ಬಿಡಿಸಾಕ ಹೋಗಲಿ."

ಆಗಿದ್ದು ಇಷ್ಟು. ಮಾರೆಪ್ಪನ ಅಣ್ಣನ ಮಗ ಉದಯಕುಮಾರ್, ತನ್ನಪ್ಪನ ಫೋನಿನಲ್ಲಿ ಹಾರಿಕಾಳ ವಿಡಿಯೊ ನೋಡಿದ್ದ. ಅವನ ತಂಗಿಯೂ ಅದೇ ತರಗತಿ. ವಿಡಿಯೊಗೆ ಸಿನಿಮಾ ಹಾಡು ಕೂಡಿಸಿ ತನ್ನ ಸ್ಟೇಟಸ್ಸಿಗೆ ಹಾಕಿದ. ಅದು ಒಬ್ಬರಿಂದ ಒಬ್ಬರಿಗೆ ಹೋಯಿತು. ಮಾರ್ಕೆಟ್ಟಿನ ಚಹಾ ಅಂಗಡಿಯಲ್ಲಿ ಯಾರೋ, "ಹೀರೋಯಿನ್ ಅಪ್ಪ ಬಂದ ನೋಡ್ರಿ, ಜಾಗ ಬಿಡ್ರಿ" ಎಂದು ನಕ್ಕರು.

"ನಾ ಮೊದಲ ಹೇಳಿದ್ದೆ," ಎಂದಳು ಗಾದಿಲಿಂಗಮ್ಮನ ಅತ್ತೆ ಉಚ್ಚಮ್ಮ. "ಹೆಣ್ಣುಹುಡುಗರ ಕೈಯಾಗ ಫೋನ ಕೊಡಬ್ಯಾಡ್ರಿ ಅಂತ."

ಗಾದಿಲಿಂಗಮ್ಮ ರೊಟ್ಟಿ ಬಡಿಯುತ್ತಿದ್ದಳು. ಹಂಚಿನ ಮೇಲಿನ ರೊಟ್ಟಿ ಸೀದಿತು, ಆಕೆ ತಿರುವಲಿಲ್ಲ. ಇಷ್ಟು ವರ್ಷ ಬಂದ ಸಿಟ್ಟನ್ನೆಲ್ಲ ಆಕೆ ರೊಟ್ಟಿಯ ಮೇಲೆ ಬಡಿದು ಮುಗಿಸಿದ್ದಳು. ಈ ಸಲ ಅದು ಮುಗಿಯಲಿಲ್ಲ. ಎದುರು ಮನೆಯ ಅಂಗಳದಲ್ಲಿ ಉದಯಕುಮಾರ್ ಸಿಳ್ಳೆ ಹಾಕುತ್ತ ಗಾಡಿ ತೊಳೆಯುತ್ತಿದ್ದ. ಅವನ ಕಾಲೇಜು ಯಾರೂ ಬಂದ್ ಮಾಡಿರಲಿಲ್ಲ.

ಮರುದಿನ ಬೆಳಿಗ್ಗೆ ಪ್ರಾರ್ಥನೆಗೆ ಹಾರಿಕಾ ಬಾರದ್ದನ್ನು ಕಂಡು ಮಂಗಳಾ ಟೀಚರ್ ಮನೆಗೇ ಬಂದರು. ಮನೆಯವರು ಇನ್ನೂ ಹೊಲಕ್ಕೆ ಹೊರಟಿರಲಿಲ್ಲ. ಗಾದಿಲಿಂಗಮ್ಮ ಕುಂದರ್ರಿ ಅನ್ನಲಿಲ್ಲ.

"ಮೇಡಂ, ನಿಮ್ಮ ಗ್ರೂಪಿನಾಗ ಯಾರ್ಯಾರು ಅದಾರ?"

"ತರಗತಿ ಮಕ್ಕಳು, ಗಾದಿಲಿಂಗಮ್ಮ."

"ಮಕ್ಕಳ ಹತ್ರ ಫೋನ ಎಲ್ಲಿ ಅದಾವ್ರಿ? ಹೆಸರು ಓದ್ರಿ, ಕೇಳತೀನಿ."

ಟೀಚರ್ ಫೋನು ತೆರೆದು ಓದತೊಡಗಿದರು. ಯಂಕಣ್ಣ. ರುದ್ರೇಶ. ಮಾರೆಪ್ಪ. ಓದುತ್ತ ಓದುತ್ತ ಅವರ ದನಿ ಇಳಿಯಿತು. ಒಂದಾದರೂ ಹೆಂಗಸಿನ ಹೆಸರು ಇರಲಿಲ್ಲ.

"ಎಲ್ಲಾ ಗಂಡಸರು! ನನ್ನ ಮಗಳು ಸಾಲಿಗೆ ಪಾಠ ಹೇಳ್ಯಾಳ ಅಂತ ತಿಳಕಂಡಿದ್ದೆ. ನೀವು ಆಕೀನ ಊರ ಗಂಡಸರ ಜೇಬಿಗೆ ಕಳಿಸೀರಿ. ನನ್ನ ಒಂದು ಮಾತು ಕೇಳಿದ್ರೇನು?"

"ಇಲ್ಲ. ತಪ್ಪು ನಂದ ಐತಿ," ಎಂದರು ಟೀಚರ್. ಸಬೂಬು ಹೇಳಲಿಲ್ಲ.

"ಅದಕ್ಕ ಸಾಲಿ ಬಿಡಿಸೀನಿ," ಎಂದ ಮಾರೆಪ್ಪ. "ಮಂದ್ಯಾಗ ನನ್ನ ಪರುವು, ಮರ್ಯಾದಿ ಎಲ್ಲಾ ಹೋತು."

ಗಾದಿಲಿಂಗಮ್ಮ ಗಂಡನ ಕಡೆ ತಿರುಗಿದಳು.

"ತಪ್ಪು ಮಾಡಿದಾಂವ ನಿಮ್ಮಣ್ಣನ ಮಗ. ಅಟ್ಟ ಏರಿದ್ದು ಆಕಿ ಚೀಲ ಯಾಕ? ಅವನ ಫೋನ ಯಾಕ ಏರಲಿಲ್ಲ?"

"ಹುಡುಗ ಅದಾನ, ತಿಳೀದ ಮಾಡ್ಯಾನ."

"ಹಾಡು ಕೂಡಸಾಕ ತಿಳೀತೈತಿ, ಇದು ತಿಳಿಯಂಗಿಲ್ಲಾ? ಏ ಉದಯಾ, ಬಾರೋ ಇಲ್ಲಿ!"

ಉದಯಕುಮಾರ್ ಎದುರು ಮನೆಯಿಂದ ಬಂದ.

"ಆಕಿ ಆ ವಿಡಿಯೊದಾಗ ಏನು ಹೇಳ್ಯಾಳ, ಹೇಳು."

"ಗೊತ್ತಿಲ್ಲ ಚಿಗವ್ವ... ಆಕಿ ದನಿ ತಗದು ಹಾಡು ಹಾಕೀನಿ."

"ಕೇಳಿದ್ರಲ್ಲಾ! ನನ್ನ ಮಗಳ ದನೀನ ತಗದಾನ." ಗಂಡನತ್ತ ಬೆರಳು ತೋರಿಸಿದಳು. "ನೀನರ ಕೇಳೀಯೇನು? ನಕ್ಕವರ ಮಾತು ಕೇಳಿದಿ. ಮಗಳ ಮಾತು ಕೇಳಿಲ್ಲ."

ಗಾದಿಲಿಂಗಮ್ಮ ಗಂಡನ ಜೇಬಿನಿಂದ ಫೋನು ತೆಗೆದು ಮಗಳ ಕೈಗೆ ಕೊಟ್ಟಳು. ಹಾರಿಕಾ ಹೆದರುತ್ತ ವಿಡಿಯೊ ಹಚ್ಚಿದಳು.

"ಈ ಹೂವು ಇವತ್ತ ಬೆಳ್ಳಗೈತಿ, ನಾಳೆ ಕೆಂಪಾಗತೈತಿ. ಜೇನುಹುಳ ಬಂದು ಹೂವಿನ ಹುಡಿ ಮುಟ್ಟಸಿದ್ರ ಕಾಯಿ ಕಟ್ಟತೈತಿ. ಇದಕ್ಕ ಪರಾಗಸ್ಪರ್ಶ ಅಂತಾರ. ಕಾಯಿ ಒಡದ್ರ ಹತ್ತಿ. ಅದನ್ನ ನಮ್ಮಪ್ಪ ಆದೋನಿಗೆ ಒಯ್ತಾನ."

ಉಚ್ಚಮ್ಮನೇ ಮೆಲ್ಲಗೆ, "ಚಂದ ಹೇಳ್ಯಾಳ. ಆದ್ರೂ ಈ ಫೋನ ಪಾಠ ಬ್ಯಾಡ ಬಿಡ್ರವ್ವ" ಎಂದಳು.

"ಬಿಟ್ರ ಹೊಲಕ್ಕ ಹೋದ ಮಕ್ಕಳಿಗೆ ಪಾಠ ಹೆಂಗ ಮುಟ್ಟತೈತಿ, ಅಮ್ಮ?" ಎಂದರು ಟೀಚರ್. "ಪಾಠ ಇರಲಿ, ಪದ್ಧತಿ ಬದಲಿ ಮಾಡ್ತೀನಿ. ಗ್ರೂಪಿನಾಗ ಇನ್ನ ನಾನೊಬ್ಬಾಕಿನ ಹಾಕಾಕಿ. ಮಕ್ಕಳು ಉತ್ತರ ನನಗಷ್ಟ ಕಳಸಲಿ. ಮುಖ ಬ್ಯಾಡ, ದನಿ ಸಾಕು. ಟೀವಿಯಾಗ ತೋರಸಬೇಕಂದ್ರ ಹುಡುಗೀನ ಕೇಳತೀನಿ, ತಾಯೀನ ಕೇಳತೀನಿ."

ಅಲ್ಲೇ ನಿಂತು ಅವರು ಸೆಟ್ಟಿಂಗ್ ಬದಲಿಸಿದರು. ಆಮೇಲೆ ಉದಯಕುಮಾರನತ್ತ ನೋಡಿದರು.

"ಸ್ಟೇಟಸ್ ತಗದ್ರ ಮುಗೀಲಿಲ್ಲಪ್ಪ. ಯಾರ ಫೋನಿಗೆಲ್ಲ ಹೋಗೈತಿ, ಅವರಿಗೆ ನೀನ ಹೇಳಿ ತಗಸಬೇಕು. ಇನ್ನೊಮ್ಮೆ ಹಿಂಗಾದ್ರ ನಾನ ಮಕ್ಕಳ ಸಹಾಯವಾಣಿ 1098ಕ್ಕ ಫೋನ ಮಾಡಾಕಿ."

ಅವನು ಹಾರಿಕಾಳ ಮುಂದೆ ನಿಂತು, "ತಪ್ಪಾತು" ಎಂದ. ಹಾರಿಕಾ ಉತ್ತರ ಕೊಡಲಿಲ್ಲ. ಕೊಡು ಎಂದು ಅವಳ ಅವ್ವನೂ ಹೇಳಲಿಲ್ಲ.

ಮಾರೆಪ್ಪ ಒಳಗೆ ಹೋಗಿ ಏಣಿ ಹಚ್ಚಿದ. ಅಟ್ಟದ ಧೂಳೆಲ್ಲ ಚೀಲಕ್ಕೆ ಹತ್ತಿತ್ತು. ಹೆಗಲ ಮೇಲಿನ ಟವೆಲ್ಲಿನಿಂದ ಒರೆಸಿ ಮಗಳಿಗೆ ಕೊಟ್ಟ.

"ಸಾಲಿಗೆ ಹೊತ್ತಾತು, ನಡಿ," ಎಂದ.

ಇದನ್ನು ಓದುತ್ತಿರುವ ಅವ್ವಂದಿರೇ, ಅಪ್ಪಂದಿರೇ, ನಿಮ್ಮ ಮಗುವಿನ ತರಗತಿಯ ಗ್ರೂಪಿನಲ್ಲಿ ಯಾರ ನಂಬರುಗಳಿವೆ? ಇವತ್ತೇ ನೋಡಿ. ಶಿಕ್ಷಕರೇ, ಮಗುವಿನ ಮುಖ ಎಲ್ಲಿಗಾದರೂ ಹಾಕುವ ಮೊದಲು ಮಗುವನ್ನೂ ಮನೆಯವರನ್ನೂ ಕೇಳಿ. ಫೋನಿನಿಂದ ಪಾಠ ಬರಲಿ, ಬೇಡ ಅನ್ನಬೇಡಿ. ಆದರೆ ಅದನ್ನು ಕೆಡಿಸುವವರು ಬಂದಾಗ ಕಸಿದುಕೊಳ್ಳಬೇಕಾದದ್ದು ಅವರ ಕೈಯ ಫೋನನ್ನು. ನಿಮ್ಮ ಮಗಳ ಪುಸ್ತಕದ ಚೀಲವನ್ನಲ್ಲ.